ನೀರುಬಾಯಿ ಗದ್ದೆಯ ಹಸಿಕೊಯ್ಲು

ಜಪಾನಿನ ಬೆಟ್ಟದ ತಪ್ಪಲಿನ ನಮ್ಮೂರು ಕುರುಮಿಸಾವಾದಲ್ಲಿ ಕಿಚಿಜಿಯ ಮನೆಗೆ ಹೋದವರ ಕಣ್ಣು ಮೊದಲು ಬೀಳುತ್ತಿದ್ದದ್ದು ದೇವರ ಹಲಗೆಯ ಕೆಳಗೆ ತೂಗುಹಾಕಿದ್ದ ಎರಡು ಪ್ರಶಸ್ತಿ ಪತ್ರಗಳ ಮೇಲೆ. ಎಡಗಡೆಯದು ಅವನಿಗೆ ಮದುವೆಯಾದ ಹೊಸದರಲ್ಲಿ ಬಂದದ್ದು. ದಾರಿಬದಿಯ ತನ್ನ ಗದ್ದೆಯಲ್ಲಿ ಜಿಲ್ಲೆಗೇ ಹೆಚ್ಚು ಭತ್ತ ಬೆಳೆದನೆಂದು ಕೊಟ್ಟಿದ್ದರು. ಬಲಗಡೆಯದು ತಲೆ ನರೆತ ಮೇಲೆ ಬಂದದ್ದು. ಸರ್ಕಾರ ಹೇಳಿದಷ್ಟು ಗದ್ದೆಯಲ್ಲಿ ಊರಿನವರು ಯಾರೂ ಭತ್ತ ಬೆಳೆಯದಂತೆ ನೋಡಿಕೊಂಡನೆಂದು ಕೊಟ್ಟಿದ್ದರು. ಎರಡಕ್ಕೂ ಒಂದೇ ಕಚೇರಿಯ ಕೆಂಪು ಮುದ್ರೆ. ಬಂದವರು ಎರಡನ್ನೂ ಓದಿ, ನಗಬಾರದೆಂದು ಚಹಾದ ಬಟ್ಟಲಿಗೆ ಮುಖ ಹಾಕುತ್ತಿದ್ದರು. ಕಿಚಿಜಿಯ ಹೆಂಡತಿ ಶಿನೊಗೆ ಆ ದಾಕ್ಷಿಣ್ಯವಿರಲಿಲ್ಲ. ಒಂದು ಉಂಡಿದ್ದಕ್ಕೆ ಕೊಟ್ಟಿದ್ದು, ಇನ್ನೊಂದು ಉಪವಾಸ ಕೂತಿದ್ದಕ್ಕೆ ಕೊಟ್ಟಿದ್ದು ಎಂದು ಅವಳು ನೆಂಟರ ಮುಂದೆಯೇ ಹೇಳಿಬಿಡುತ್ತಿದ್ದಳು.

ಮೊದಲನೆಯ ಪತ್ರದ ಕಾಲದಲ್ಲಿ ಯಾರೂ ನಗುತ್ತಿರಲಿಲ್ಲ. ಯುದ್ಧ ಮುಗಿದು, ಪಟ್ಟಣದವರು ಗೆಣಸಿನ ಬಳ್ಳಿಯನ್ನೂ ಬೇಯಿಸಿ ತಿಂದ ನೆನಪು ಆರಿರಲಿಲ್ಲ. ಬೆಳೆಯಿರಿ, ಬೆಳೆದಷ್ಟನ್ನೂ ಒಳ್ಳೆಯ ಬೆಲೆಗೆ ನಾವೇ ಕೊಳ್ಳುತ್ತೇವೆ ಎಂದು ಸರ್ಕಾರ ಹೇಳಿತು. ಕಿಚಿಜಿ ಮತ್ತು ಅವನಿಗಿಂತ ಸ್ವಲ್ಪ ದೊಡ್ಡವನಾದ ನೆರೆಮನೆಯ ತೊಕುಜೊ ಸೇರಿ, ಸೊಂಟದವರೆಗೆ ಹೂತುಕೊಳ್ಳುವ ಜೌಗನ್ನು ಬಗೆದು, ನೀರು ಬಸಿದು ಗದ್ದೆ ಮಾಡಿದರು. ಅದಕ್ಕೂ ಸರ್ಕಾರ ಕೈಹಿಡಿದು ಸಹಾಯಧನ ಕೊಟ್ಟಿತು. ಇಬ್ಬರಲ್ಲಿ ತೊಕುಜೊ ಬಲಶಾಲಿ, ಕಿಚಿಜಿ ಚೊಕ್ಕ. ಅವನು ಕುಡುಗೋಲು ಹಿಡಿದು ಹೋದ ಸಾಲಿನಲ್ಲಿ ಒಂದು ತೆನೆ ಬಿದ್ದಿರುತ್ತಿರಲಿಲ್ಲ, ಬದುವಿನ ಬುಡದಲ್ಲಿ ಒಂದು ಪೈರು ಉಳಿದಿರುತ್ತಿರಲಿಲ್ಲ. ಕಿಚಿಜಿ ಕೊಯ್ದ ಗದ್ದೆಗೆ ಇಳಿದ ಗುಬ್ಬಿ ಬರೀ ಹೊಟ್ಟೆಯಲ್ಲಿ ಹಾರಬೇಕು ಅನ್ನುವುದು ನಮ್ಮೂರಲ್ಲಿ ಗಾದೆಯೇ ಆಗಿಹೋಗಿತ್ತು. ಅವನಿಗೆ ಆ ಮಾತು ಕೇಳಿದರೆ ಒಳಗೊಳಗೇ ಹಿಗ್ಗು.

ಆಮೇಲೆ ಪಟ್ಟಣದವರು ಬೆಳಗಿನ ತಿಂಡಿಗೆ ಬ್ರೆಡ್ಡು ತಿನ್ನಲು ಕಲಿತರು. ಸರ್ಕಾರದ ಉಗ್ರಾಣಗಳಲ್ಲಿ ಹಳೆಯ ಅಕ್ಕಿಯ ಮೇಲೆ ಹೊಸ ಅಕ್ಕಿ ಬಿದ್ದು, ಅದರ ಮೇಲೆ ಇನ್ನೂ ಹೊಸದು ಬಿದ್ದು, ಹುಳು ಹಿಡಿಯಿತು. ಆಗ ಅದೇ ಕಚೇರಿಯವರು ಬಂದು, ಇಷ್ಟು ಗದ್ದೆಯಲ್ಲಿ ಭತ್ತ ಬೆಳೆಯಬೇಡಿ, ಬೆಳೆಯದಿದ್ದರೆ ಸಹಾಯಧನ ಕೊಡುತ್ತೇವೆ ಎಂದರು. ಜೌಗು ಬಗೆದ ಕೈಗಳಿಗೆ ಅದು ಅರ್ಥವಾಗಲು ಒಂದು ಚಳಿಗಾಲ ಬೇಕಾಯಿತು. ಆದರೆ ಸರ್ಕಾರ ನಮಗಿಂತ ಜಾಣ. ಮನೆಮನೆಗೆ ಹೇಳಲಿಲ್ಲ, ಊರಿಗೆ ಹೇಳಿತು. ಇಡೀ ಊರು ಸೇರಿ ಇಷ್ಟು ಗದ್ದೆಯಲ್ಲಿ ಭತ್ತ ಬಿಡಬೇಕು, ಅದು ಊರಿನ ಪಾಲು. ಪಾಲು ತುಂಬಿದರೆ ಎಲ್ಲರಿಗೂ ಹಣ, ಒಂದು ಮೂಲೆ ಕಡಿಮೆ ಬಿದ್ದರೂ ಯಾರಿಗೂ ಇಲ್ಲ, ಮೇಲಾಗಿ ಮುಂದಿನ ವರ್ಷ ಪಾಲು ಇನ್ನಷ್ಟು ಹೆಚ್ಚು. ಇಂಥ ಕಟ್ಟಳೆ ಇದ್ದ ಮೇಲೆ ಪೊಲೀಸರು ಯಾಕೆ ಬೇಕು? ನೆರೆಮನೆಯವನೇ ಸಾಕು.

ಆ ಹೊತ್ತಿಗೆ ಕಿಚಿಜಿ ಊರ ಯಜಮಾನನಾಗಿದ್ದ. ಅವನಿಗೆ ಮಾತಿನ ಹದ ಗೊತ್ತಿತ್ತು. ಅಕ್ಕಿಯಿಂದ ಇಳಿಸಿದ ಸಾಕೆ ಮದ್ಯದ ಒಂದು ಬಾಟಲಿ ಹಿಡಿದು ಹೋಗುವನು, ಒಲೆಗುಂಡಿಯ ಪಕ್ಕ ಕೂತು ಉಪ್ಪು ಮೂಲಂಗಿ ಕಡಿಯುತ್ತ ಹಿಮ, ದನ, ಮೊಮ್ಮಕ್ಕಳು ಎಂದೆಲ್ಲ ಸುತ್ತುವನು, ಏಳುವ ಹೊತ್ತಿಗೆ ಆ ಮನೆಯವನೇ, ನನ್ನ ಕೆಳಗದ್ದೆಗೆ ಈ ಸಲ ಭತ್ತ ಬಿಟ್ಟು ಸೋಯಾ ಹಾಕ್ತೀನಿ ಬಿಡು ಅನ್ನುವಂತೆ ಮಾಡುವನು. ಹತ್ತಿರದ ಊರುಗಳಲ್ಲಿ ಇದೇ ವಿಷಯಕ್ಕೆ ಅಣ್ಣತಮ್ಮಂದಿರು ಮಾತು ಬಿಟ್ಟರು, ಒಂದೆಡೆ ಬದುವಿನ ಮೇಲೆ ಹೊಡೆದಾಟವೂ ಆಯಿತು. ಕುರುಮಿಸಾವಾದಲ್ಲಿ ಪ್ರತಿವರ್ಷ ಪಾಲು ತುಂಬಿತು, ಯಾರ ಮನೆಯ ಬಾಗಿಲೂ ಯಾರಿಗೂ ಮುಚ್ಚಲಿಲ್ಲ. ಅದು ತನ್ನ ಜೀವನದ ದೊಡ್ಡ ಕೆಲಸ ಎಂದು ಅವನು ನಂಬಿದ್ದ. ನಿಜ ಹೇಳಬೇಕೆಂದರೆ ನಾವೂ ನಂಬಿದ್ದೆವು.

ತೊಕುಜೊ ಅಷ್ಟರಲ್ಲಿ ಸತ್ತುಹೋಗಿದ್ದ. ಹಿಮ ಬಿದ್ದ ಮೇಲೆ ಗಂಡಸರೆಲ್ಲ ಟೋಕಿಯೊ ಕಡೆಗೆ ಕೂಲಿಗೆ ಹೋಗುವ ಕಾಲ ಅದು. ಅವನು ಸುರಂಗದ ಕೆಲಸಕ್ಕೆ ಹೋದವನು ಬೂದಿಯಾಗಿ ಬಂದ. ಅವನ ಹೆಂಡತಿ ತೊಯೊನೊ ಮಗನೊಂದಿಗೆ ಗದ್ದೆ ನಡೆಸಿಕೊಂಡು ಹೋದಳು. ಪ್ರತಿ ವಸಂತದಲ್ಲೂ ಕಿಚಿಜಿ ತನ್ನ ಯಂತ್ರ ತೆಗೆದುಕೊಂಡು ಹೋಗಿ ಅವಳ ಗದ್ದೆಯನ್ನು ತನ್ನದಕ್ಕಿಂತ ಮೊದಲು ಉತ್ತು ಕೊಡುತ್ತಿದ್ದ. ಕೂಲಿ ಎಂದರೆ ಕೈ ಮುಗಿಯುತ್ತಿದ್ದ. ಬದಲಿಗೆ ಹೊಸವರ್ಷಕ್ಕೆ ಅವಳ ಮನೆಯಿಂದ ಮೊಚಿ ಬರುತ್ತಿತ್ತು. ಅಂಟಕ್ಕಿ ಬೇಯಿಸಿ ಒರಳಲ್ಲಿ ಕುಟ್ಟಿ ಮಾಡುವ ಮೊಚಿ ಎಲ್ಲರ ಮನೆಯಲ್ಲೂ ಆಗುತ್ತದೆ. ತೊಯೊನೊಳ ಮನೆಯದು ಮಾತ್ರ ಬೇರೆ, ಯಾಕೆಂದರೆ ಅಕ್ಕಿಯೇ ಬೇರೆ.

ಆ ಭತ್ತಕ್ಕೆ ಕರಿಮೀಸೆ ಎಂದು ಹೆಸರು. ಪ್ರತಿ ಕಾಳಿಗೂ ಬೆರಳುದ್ದದ ಕಪ್ಪು ಮೀಸೆ. ಬೆಟ್ಟದ ಹೊಳೆಯ ನೀರು ಮೊದಲು ಬಂದು ಬೀಳುವ ಗದ್ದೆಗೆ ನಮ್ಮಲ್ಲಿ ನೀರುಬಾಯಿ ಗದ್ದೆ ಎನ್ನುತ್ತಾರೆ. ಕರಗಿದ ಹಿಮದ ಆ ನೀರಿನಲ್ಲಿ ಕಾಲಿಟ್ಟರೆ ಮೂಳೆ ನೋಯುತ್ತದೆ, ಬೇರೆ ಭತ್ತ ಅಲ್ಲಿ ಹೂವಿನಲ್ಲೇ ಜೊಳ್ಳಾಗುತ್ತದೆ. ಕರಿಮೀಸೆಗೆ ಆ ಚಳಿಯೇ ಸೇರುತ್ತಿತ್ತು. ಹಿಂದೆ ಎಲ್ಲರ ಮನೆಯಲ್ಲೂ ಇದ್ದದ್ದೇ. ಸರ್ಕಾರ ಕೊಳ್ಳುವ ಪಟ್ಟಿಯಲ್ಲಿ ಅದಕ್ಕೆ ಜಾಗವಿಲ್ಲವೆಂದು ಒಬ್ಬೊಬ್ಬರೇ ಬಿಟ್ಟರು. ತೊಯೊನೊ ಬಿಡಲಿಲ್ಲ. ಅತ್ತೆ ಬೀಜದ ಚೀಲವನ್ನು ತನ್ನ ಕೈಗೆ ಕೊಟ್ಟು ಹೋಗಿದ್ದಾಳೆ, ಅದನ್ನು ಸೊಸೆಗೆ ಕೊಟ್ಟ ಮೇಲೆ ತನ್ನ ಕೆಲಸ ಮುಗಿಯಿತು ಅನ್ನುತ್ತಿದ್ದಳು. ಸೊಸೆ ಇನ್ನೂ ಬಂದಿರಲಿಲ್ಲ.

ಪಾಲು ಒಮ್ಮೆಲೇ ಏರಿದ ವರ್ಷ ಅದು. ವಸಂತದಲ್ಲಿ ಎಲ್ಲವೂ ಸರಿಯಾಗಿ ಕೂಡಿತ್ತು. ಆಗಸ್ಟಿನಲ್ಲಿ, ಸತ್ತ ಹಿರಿಯರು ಮನೆಗೆ ಬಂದುಹೋಗುವ ಹಬ್ಬದ ಮುಂಚೆ, ಕಚೇರಿಯಿಂದ ಸುದ್ದಿ ಬಂತು: ಸೋಯಾ ಗದ್ದೆಗಳ ಬದುಗಳನ್ನು ಲೆಕ್ಕಕ್ಕೆ ಸೇರಿಸುವ ಹಾಗಿಲ್ಲ, ಬದು ಕಳೆದರೆ ಕುರುಮಿಸಾವಾದ ಪಾಲು ಕಡಿಮೆ ಬೀಳುತ್ತದೆ. ಕಡಿಮೆ ಬಿದ್ದದ್ದು ಹೆಚ್ಚೇನಲ್ಲ, ಒಂದು ಸಣ್ಣ ಗದ್ದೆಯಷ್ಟು. ನಾಟಿಯಾಗಿ, ಹೊಡೆ ಒಡೆದು, ತೆನೆ ಹೊರಬಂದಿದ್ದರೂ ಅಡ್ಡಿಯಿಲ್ಲ, ಹಣ್ಣಾಗುವ ಮೊದಲು ಹಸಿಯಾಗಿಯೇ ಕೊಯ್ದು ದನಕ್ಕೆ ಹಾಕಿಬಿಟ್ಟರೆ ಬೆಳೆಯದೆ ಬಿಟ್ಟ ಲೆಕ್ಕಕ್ಕೇ ಸೇರುತ್ತದೆ. ತಪಾಸಣೆಗೆ ಬರುವಷ್ಟರಲ್ಲಿ ಆಗಬೇಕು.

ಯಾರ ಗದ್ದೆ? ಕಿಚಿಜಿ ಸಂಜೆಯೆಲ್ಲ ಜಗುಲಿಯಲ್ಲಿ ಕೂತು ಊರಿನ ಗದ್ದೆಗಳನ್ನು ಒಂದೊಂದಾಗಿ ಮನಸ್ಸಿನಲ್ಲಿ ಸುತ್ತಿದ. ಒಬ್ಬನಿಗೆ ಮುಂಗೋಪ. ಇನ್ನೊಬ್ಬನ ತಮ್ಮ ಕಚೇರಿಯಲ್ಲಿದ್ದಾನೆ. ಮತ್ತೊಬ್ಬ ಆಗಲೇ ಎರಡು ಗದ್ದೆ ಬಿಟ್ಟಿದ್ದಾನೆ. ಕಿಚಿಜಿಯ ಕಣ್ಣೆದುರಿಗೇ ದಾರಿಬದಿಯ ಅವನ ಸ್ವಂತ ಗದ್ದೆ, ಬಹುಮಾನ ತಂದ ಗದ್ದೆ, ತೆನೆ ತೂಗುತ್ತ ನಿಂತಿತ್ತು. ಅದರ ಮೇಲೆ ಅವನ ಮನಸ್ಸು ಒಂದು ಗಳಿಗೆ ಕೂತು ಎದ್ದುಹೋಯಿತು. ಕೊನೆಗೆ ನೀರುಬಾಯಿ ಗದ್ದೆಯೇ ಸರಿ ಅನ್ನಿಸಿತು. ಪಟ್ಟಿಯಲ್ಲಿಲ್ಲದ ಭತ್ತ, ಕಡಿಮೆ ಇಳುವರಿ, ಊರಿಗೆಲ್ಲ ಕಡಿಮೆ ನಷ್ಟ. ನ್ಯಾಯವಾದ ಲೆಕ್ಕವೇ. ಲೆಕ್ಕಕ್ಕೆ ಬಾರದ ಒಂದು ಮಾತು ಮಾತ್ರ ಅದರ ಕೆಳಗಿತ್ತು: ಪ್ರತಿವರ್ಷ ಉತ್ತು ಕೊಡುವವನಿಗೆ ತೊಯೊನೊ ಇಲ್ಲ ಅನ್ನಲಾರಳು. ಬಗ್ಗಿದವರಿಗೆ ಒಂದು ಗುದ್ದು ಹೆಚ್ಚು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಒಳಗೆ ಬಂದು ಹೇಳಿದಾಗ ಶಿನೊ ಪಾತ್ರೆ ತೊಳೆಯುತ್ತಿದ್ದಳು. ತಿರುಗಿ ನೋಡಲಿಲ್ಲ.

“ನಮ್ಮ ದಾರಿಬದಿ ಗದ್ದೆಗೆ ಏನಾಗಿದೆ?” ಅಂದಳು.

ಊರಿನ ಯಜಮಾನನ ಗದ್ದೆಯೇ ಹಸಿ ಬಿದ್ದರೆ ನಾಳೆ ಯಾರು ನನ್ನ ಮಾತು ಕೇಳುತ್ತಾರೆ ಎಂದು ಅವನು ಏನೋ ಒಂದು ಹೇಳಿದ. ಅದು ಹುರುಳಿಲ್ಲದ ಮಾತೆಂದು ಇಬ್ಬರಿಗೂ ಗೊತ್ತಿತ್ತು.

ಹಬ್ಬದಲ್ಲಿ ಬಂದ ಹಿರಿಯರನ್ನು ಹೊಳೆಯವರೆಗೆ ಹೋಗಿ ದೀಪ ತೋರಿಸಿ ಕಳಿಸಿಕೊಟ್ಟರು. ಮಾರನೆಯ ಬೆಳಿಗ್ಗೆ ಅವನು ತೊಯೊನೊಳ ಮನೆಗೆ ಹೋದ. ಸಾಕೆಯ ಬಾಟಲಿ ಒಯ್ಯಲಿಲ್ಲ. ಆ ಮನೆಗೆ ಬಾಟಲಿ ಬೇಕಿರಲಿಲ್ಲ, ಅದೂ ಅವನ ಎದೆಗೆ ಆಮೇಲೆ ಚುಚ್ಚಿದ್ದು. ಊರ ಕಷ್ಟವನ್ನೆಲ್ಲ ಹೇಳಿಕೊಂಡ. ಅವಳು ಪೂರ್ತಿ ಕೇಳಿದಳು, ಚಹಾ ಬಗ್ಗಿಸಿದಳು.

“ಊರಿಗೇ ತೊಂದ್ರೆ ಅಂದ್ರೆ ನಾನು ಏನ್ ಹೇಳ್ಲಿ,” ಅಂದಳು. “ಕೊಯ್ಯೋದಾದ್ರೆ ನೀನೇ ಕೊಯ್ದುಬಿಡು, ಕಿಚಿಜಿ. ನನ್ನ ಮಗನ ಕೈಲಿ ಬೇಡ.”

ಇಬ್ಬರೂ ಬೆಟ್ಟದ ಕಡೆ ನಡೆದರು. ಕರಿಮೀಸೆ ಆಗತಾನೇ ತಲೆ ಬಗ್ಗಿಸುತ್ತಿತ್ತು. ಒಂದು ಕಾಳನ್ನು ಉಗುರಿನಿಂದ ಒತ್ತಿದರೆ ಹಾಲು ಬರುತ್ತಿತ್ತು. ನೀರು ಬೀಳುವ ಜಾಗದ ಹತ್ತಿರ, ಎರಡು ಚಾಪೆ ಹಾಸುವಷ್ಟು ಅಗಲದ ಮೂಲೆಯನ್ನು ತೋರಿಸಿ ಅವಳು ಕೇಳಿದಳು.

“ಇಷ್ಟು ಬಿಡೋಕಾಗುತ್ತಾ? ಬೀಜಕ್ಕೆ. ಹೋದ ವರ್ಷದ್ದೆಲ್ಲ ಬಿತ್ತಿಬಿಟ್ಟಿದೀನಿ.”

ಬೀಜವೆಂಬುದು ಕಿಚಿಜಿಗೆ ತಿಳಿಯದ್ದಲ್ಲ. ವರ್ಷ ಕಳೆದ ಬೀಜ ಸರಿಯಾಗಿ ಹುಟ್ಟುವುದಿಲ್ಲವೆಂದು ನಮ್ಮಲ್ಲಿ ಯಾರೂ ಹಳೆಯದನ್ನು ಇಟ್ಟುಕೊಳ್ಳುವುದಿಲ್ಲ. ಬೇರೆ ಯಾರ ಮನೆಯಲ್ಲೂ ಕರಿಮೀಸೆ ಇಲ್ಲವೆಂದೂ ಅವನಿಗೆ ಗೊತ್ತಿತ್ತು. ಆದರೆ ಒಂದು ಬುಡ ನಿಂತಿದ್ದರೂ ಗದ್ದೆ ನಾಟಿಯಾದ ಲೆಕ್ಕ ಎಂದು ಕಚೇರಿಯವರು ಹೇಳಿದ್ದರು. ಅವರು ಆ ಮೂಲೆ ಕಂಡು ಇಡೀ ಊರಿನ ಹಣ ತಡೆದರೆ?

“ಆಗಲ್ಲ ಅತ್ತಿಗೆ,” ಎಂದ. “ಬೀಜ ಎಲ್ಲಾದ್ರೂ ಹುಡುಕಿ ತಂದುಕೊಡ್ತೀನಿ.”

ಅವಳು ಎರಡನೆಯ ಸಲ ಕೇಳಲಿಲ್ಲ.

ಮೊದಲ ಹಿಡಿ ಕೊಯ್ದಾಗ ಅವಳು ಕೈ ಚಾಚಿದಳು. ಪ್ರತಿ ಕೊಯ್ಲಿನ ಮೊದಲ ಹಿಡಿ ತೆನೆಯನ್ನು ಗದ್ದೆಯ ದೇವರಿಗೆಂದು ಅಡಿಗೆಮನೆಯ ಕಂಬಕ್ಕೆ ಕಟ್ಟುವುದು ನಮ್ಮ ಪದ್ಧತಿ. ಮುಂದಿನ ವರ್ಷ ಹೊಸದು ಕಟ್ಟುವಾಗ ಹಳೆಯದನ್ನು ಬಿಚ್ಚಿ ಸುಡುತ್ತಾರೆ. ಅವನು ಕೊಟ್ಟ ಹಸಿರು ತೆನೆಗಳನ್ನು ಅವಳು ತಲೆಗೆ ಕಟ್ಟಿದ್ದ ಬಟ್ಟೆಯಲ್ಲಿ ಸುತ್ತಿಕೊಂಡು ಮನೆಗೆ ಹೋದಳು. ಅವನು ಸಂಜೆಯವರೆಗೆ ಕೊಯ್ದ. ಮೊದಮೊದಲು ಕೈ ಏಳಲಿಲ್ಲ. ಆಮೇಲೆ ಕೈ ತನ್ನ ಚಾಳಿಯನ್ನು ತಾನೇ ಹಿಡಿಯಿತು. ಸಾಲು ಹಿಡಿದು ಸಾಲು, ಮೂಲೆ, ಬದುವಿನ ಬುಡ, ಎಲ್ಲವೂ ಎಂದಿನ ಹಾಗೆ.

ತಪಾಸಣೆಯ ದಿನ ತುಂತುರು ಮಳೆ. ಕಚೇರಿಯವನು ಹೊಸ ಬೂಟು ಹಾಕಿಕೊಂಡು ಬಂದಿದ್ದ. ದಾರಿಯ ಮೇಲೆ ಜೀಪು ನಿಲ್ಲಿಸಿ, ಬೆಟ್ಟದ ಕಡೆ ಕೈ ತೋರಿಸಿ, ಅದೇ ತಾನೇ ಎಂದು ಕೇಳಿದ. ಅಲ್ಲಿಂದ ನೀರುಬಾಯಿ ಗದ್ದೆ ಇರಲಿ, ಅದರ ಬದುವೂ ಕಾಣುವುದಿಲ್ಲ. ಕಿಚಿಜಿ ಹೌದೆಂದ. ಆ ಮಹಾನುಭಾವ ಜೀಪಿನೊಳಗೇ ಕೂತು ಮುದ್ರೆ ಒತ್ತಿ, ಶಿನೊ ಕೊಟ್ಟ ಕಲ್ಲಂಗಡಿ ಹೋಳು ತಿಂದು ಹೊರಟುಹೋದ. ಎರಡು ಚಾಪೆಯಷ್ಟಲ್ಲ, ಗದ್ದೆಯನ್ನೇ ಪೂರ್ತಿ ಬಿಟ್ಟಿದ್ದರೂ ಅವನಿಗೆ ತಿಳಿಯುತ್ತಿರಲಿಲ್ಲ. ಜೀಪು ತಿರುವಿನಲ್ಲಿ ಮರೆಯಾಗುವವರೆಗೂ ಕಿಚಿಜಿ ಮಳೆಯಲ್ಲಿ ನಿಂತೇ ಇದ್ದ.

ಊರಿಗೆ ಸಹಾಯಧನ ಬಂತು, ಸಭಾಮನೆಗೆ ಹೊಸ ಛಾವಣಿಯಾಯಿತು, ಕಿಚಿಜಿಗೆ ಎರಡನೆಯ ಪತ್ರ ಬಂತು. ಸೆಪ್ಟೆಂಬರಿನ ಬಿಸಿಲಿಗೆ ನೀರುಬಾಯಿ ಗದ್ದೆಯಲ್ಲಿ ಕೂಳೆ ಚಿಗುರಿತು. ಮೊಣಕಾಲುದ್ದ ಬೆಳೆದು, ಸಣ್ಣ ಸಣ್ಣ ತೆನೆಯನ್ನೂ ಬಿಟ್ಟಿತು. ಕಟ್ಟಳೆಯಂತೆ ಅದನ್ನು ಉತ್ತು ಮುಚ್ಚಬೇಕು. ಕಿಚಿಜಿ ಯಂತ್ರ ಕೆಟ್ಟಿದೆ ಎಂದು ಸುಳ್ಳು ಹೇಳಿ ಸುಮ್ಮನಿದ್ದ. ತೊಯೊನೊ ಹುಲ್ಲಿನ ಚಾಪೆಗಳನ್ನು ಹೊತ್ತುಕೊಂಡು ಹೋಗಿ ಇಳಿಹೊತ್ತಿನಲ್ಲಿ ಆ ತೆನೆಗಳಿಗೆ ಚಳಿ ತಾಗದಂತೆ ಹೊದಿಸುವುದನ್ನು, ಬೆಳಿಗ್ಗೆ ತೆಗೆಯುವುದನ್ನು ಅವನು ದೂರದಿಂದ ನೋಡುತ್ತಿದ್ದ, ಹತ್ತಿರ ಹೋಗಲಿಲ್ಲ. ಅಕ್ಟೋಬರಿನಲ್ಲಿ ಬಿದ್ದ ಮೊದಲ ಮಂಜಿಗೆ ಅದು ಹಾಲುಗಾಳಿನಲ್ಲೇ ಕಪ್ಪಾಯಿತು.

ಆ ಹೊಸವರ್ಷಕ್ಕೂ ಮೊಚಿ ಬಂತು. ಸಹಕಾರ ಸಂಘದಿಂದ ಕೊಂಡ ಅಂಟಕ್ಕಿಯದು. ಶಿನೊ ಒಂದು ತುಂಡು ಬಾಯಿಗಿಟ್ಟುಕೊಂಡು ಉಳಿದದ್ದನ್ನು ಗಂಡನ ಮುಂದೆ ಸರಿಸಿದಳು. ಅವನು ಬೀಜ ಹುಡುಕಿದ್ದು ಸುಳ್ಳಲ್ಲ. ಬೆಟ್ಟದಾಚೆಯ ಊರುಗಳಿಗೆ ಹೋದ, ತೊಯೊನೊಳ ಅತ್ತೆಯ ತವರಿಗೂ ಹೋಗಿಬಂದ. ಮೀಸೆಯಿದ್ದ ಭತ್ತ ಸಿಕ್ಕಿತು, ಕಪ್ಪು ಮೀಸೆಯದು ಸಿಗಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ತೊಯೊನೊ ಒಂದು ದಿನವೂ ಅವನನ್ನು ಬೈಯಲಿಲ್ಲ. ಅವನು ಉತ್ತು ಕೊಟ್ಟರೆ ಬೇಡವೆನ್ನಲಿಲ್ಲ, ಮೊಚಿ ಕಳಿಸುವುದು ಬಿಡಲಿಲ್ಲ. ಆದರೆ ಹೊಸವರ್ಷದ ಶುಭ ಹೇಳಲು ಹೋದಾಗಲೆಲ್ಲ ಅವಳ ಅಡಿಗೆಮನೆಯ ಕಂಬದಲ್ಲಿ ಅದೇ ಕಟ್ಟು ಕಾಣುತ್ತಿತ್ತು. ಹಸಿರು ಕಳೆದು ಹುಲ್ಲಿನ ಬಣ್ಣವಾಗಿ, ಆಮೇಲೆ ಹೊಗೆ ಹಿಡಿದು ಕಂದಾದ ಜೊಳ್ಳು ತೆನೆ. ಬೇರೆ ಗದ್ದೆಗಳಲ್ಲಿ ಅವಳು ಭತ್ತ ಬೆಳೆಯುತ್ತಲೇ ಇದ್ದಳು, ಹೊಸ ತೆನೆ ಮಾತ್ರ ಕಟ್ಟಲಿಲ್ಲ. ಅವನು ಅದಕ್ಕೆ ಬೆನ್ನು ಹಾಕಿ ಕೂರುವುದನ್ನು ರೂಢಿ ಮಾಡಿಕೊಂಡ. ಬೆನ್ನಿಗೂ ಕಣ್ಣಿದೆಯೆಂದು ಆಗ ಅವನಿಗೆ ತಿಳಿಯಿತು.

ಬೇಸಿಗೆಯೇ ಬಾರದ ಒಂದು ವರ್ಷ ಬಂತು. ಜುಲೈಯಲ್ಲಿ ಒಲೆ ಹಚ್ಚಿ ಕೂತೆವು. ಊರಿನ ಗದ್ದೆಗಳೆಲ್ಲ, ದಾರಿಬದಿಯ ಬಹುಮಾನದ ಗದ್ದೆಯೂ ಸೇರಿ, ತಲೆ ಬಗ್ಗಿಸದೆ ನೆಟ್ಟಗೆ ಜೊಳ್ಳು ಹೊತ್ತು ನಿಂತವು. ಕರಿಮೀಸೆ ಇದ್ದಿದ್ದರೆ ಇಂಥ ಚಳಿಗೂ ಕಾಳು ಕಟ್ಟುತ್ತಿತ್ತು ಎಂದು ಯಾರೋ ಮುದುಕರು ಸಭಾಮನೆಯಲ್ಲಿ ಅಂದರು. ಎಲ್ಲರೂ ಕಿಚಿಜಿಯ ಕಡೆ ನೋಡದಿರಲು ಪ್ರಯತ್ನಿಸಿದರು. ಅಂಗಡಿಗೆ ದೂರದ ಥಾಯ್ಲೆಂಡಿನ ಅಕ್ಕಿ ಬಂತು. ಬೆಳೆಯಿರಿ, ಬೆಳೆಯಿರಿ ಎಂದು ಸರ್ಕಾರ ಮತ್ತೆ ಕೂಗಿತು, ಒಂದೆರಡು ವರ್ಷಕ್ಕೇ ಮತ್ತೆ ಸಾಕು ನಿಲ್ಲಿಸಿ ಎಂದಿತು. ಅದಕ್ಕೇನು, ಹೇಳುವವರ ನಾಲಿಗೆಗೆ ಬದುವಿಲ್ಲ.

ಕಾಲ ಕಳೆದು ಆ ಪಾಲು, ಆ ಕಟ್ಟಳೆ ಎಲ್ಲವನ್ನೂ ಸರ್ಕಾರವೇ ತೆಗೆದುಹಾಕಿತು. ಇನ್ನು ಯಾರು ಎಷ್ಟು ಬೇಕಾದರೂ ಬೆಳೆಯಬಹುದು. ನೀರುಬಾಯಿ ಗದ್ದೆಯಲ್ಲಿ ಆಗ ಆಳೆತ್ತರದ ಜೊಂಡು. ಅದು ಮತ್ತೆ ಜೌಗಾಗಿತ್ತು. ಶಿನೊ ತೀರಿಕೊಂಡಿದ್ದಳು, ಕಿಚಿಜಿ ಕೋಲು ಹಿಡಿದಿದ್ದ. ಆ ಹೊಸವರ್ಷ ತೊಯೊನೊಳ ಮನೆಗೆ ಹೋದಾಗ ಅಡಿಗೆಮನೆ ಹೊಸದಾಗಿತ್ತು. ಕೊನೆಗೂ ಆ ಮನೆಗೆ ಬಂದಿದ್ದ ಸೊಸೆ ಹಳೆಯ ಕಂಬಕ್ಕೆ ಬಿಳಿ ಹಲಗೆ ಹೊಡೆಸಿದ್ದಳು. ಆ ಒಣ ಕಟ್ಟು ಇರಲಿಲ್ಲ. ಮರಗೆಲಸದವರು ಕಸದ ಜೊತೆ ಸುಟ್ಟರಂತೆ.

ಕಿಚಿಜಿಯ ಎದೆಯ ಮೇಲಿನ ಭಾರ ಇಳಿದ ಹಾಗಾಯಿತು. ಆ ಹಗುರದಲ್ಲೇ ನಾಲಿಗೆ ಸಡಿಲವಾಯಿತು. ಇಷ್ಟು ವರ್ಷ ಆಡದ ಮಾತನ್ನು ಆಡಿದ.

“ಅತ್ತಿಗೆ, ಅವತ್ತು ಆ ಮೂಲೆ ನಾನು ಬಿಡಬೇಕಾಗಿತ್ತು.”

ತೊಯೊನೊಗೆ ತೊಂಬತ್ತು ಮುಟ್ಟಿತ್ತು. ಕಿವಿ ಚೆನ್ನಾಗಿಯೇ ಇತ್ತು. ಕಾಲಿನ ಮೇಲಿನ ಹೊದಿಕೆಯನ್ನು ಸರಿಮಾಡಿಕೊಂಡಳು.

“ಬಿಡ್ತೀಯ ಅಂತ್ಲೇ ಅಂದ್ಕೊಂಡಿದ್ದೆ,” ಅಂದಳು. “ಆಗಲ್ಲ ಅಂದೆ ನೋಡು, ಅದು ಯಜಮಾನ ಹೇಳೋ ಮಾತು, ಬಾಯಲ್ಲಿ ಹಾಗೇ ಹೇಳಬೇಕು ಅಂದ್ಕೊಂಡೆ. ಅದಕ್ಕೇ ಇನ್ನೊಂದ್ಸಲ ಕೇಳ್ಲಿಲ್ಲ. ನೀನೇ ಕೊಯ್ಯಿ ಅಂದಿದ್ದೂ ಅದಕ್ಕೇ. ಕಿಚಿಜಿ ನಮ್ಮೋನು, ಬದುವಿನ ಬುಡದಲ್ಲಿ ಒಂದೆರಡು ಪೈರು ಕಾಣದೋನ ಹಾಗೆ ಬಿಟ್ಟಿರ್ತಾನೆ ಅಂತ. ನೀನು ಮನೆಗೆ ಹೋದ ಮೇಲೆ ಹೋಗಿ ಬದುಗುಂಟ ಹುಡುಕಿದೆ.”

ಕಿಚಿಜಿ ಕೋಲನ್ನು ಹತ್ತಿರಕ್ಕೆ ಎಳೆದುಕೊಂಡ.

“ಎಷ್ಟು ಚೊಕ್ಕ ಕೊಯ್ದಿದ್ದೆಯೋ, ಮಾರಾಯ,” ಅಂದಳು ತೊಯೊನೊ. ದನಿಯಲ್ಲಿ ಸಿಟ್ಟಿರಲಿಲ್ಲ. ಸೊಸೆಯನ್ನು ಕರೆದು ಅವನಿಗೆ ಮೊಚಿ ಬಿಸಿ ಮಾಡಿಕೊಡಲು ಹೇಳಿದಳು.

ಬೇಸಿಗೆ ಬರುವ ಮೊದಲೇ ಅವಳು ತೀರಿಕೊಂಡಳು. ಕಿಚಿಜಿ ಇನ್ನೂ ಇದ್ದಾನೆ. ಗೋಡೆಯ ಎರಡು ಪತ್ರಗಳನ್ನೂ ಇಳಿಸಿದ್ದಾನೆ, ಅಲ್ಲಿ ಎರಡು ಬಿಳಿ ಚೌಕ ಉಳಿದಿವೆ. ಈಗ ಮಗ ಯಂತ್ರದಿಂದ ಕೊಯ್ಯುತ್ತಾನೆ. ಯಂತ್ರಕ್ಕೆ ತಿರುಗಲು ಜಾಗ ಬೇಕೆಂದು ಗದ್ದೆಯ ಮೂಲೆಗಳನ್ನು ಮೊದಲು ಕೈಯಿಂದ ಕೊಯ್ಯಬೇಕು, ಆ ಕೆಲಸ ಮುದುಕನದು. ಅವನು ಕೂತು ಕೂತು ಕೊಯ್ಯುತ್ತಾನೆ, ಪ್ರತಿ ಮೂಲೆಯಲ್ಲೂ ಬದುವಿಗೆ ಒತ್ತಿದ ಎರಡು ಬುಡಗಳನ್ನು ಮುಟ್ಟದೆ ಬಿಡುತ್ತಾನೆ. ಹಿಂದೆ ಗುಬ್ಬಿಗೂ ಬಿಡುತ್ತಿರಲಿಲ್ಲ, ಈಗ ಮಾವನಿಗೆ ಕಣ್ಣು ಪೂರ್ತಿ ಹೋಗಿದೆ ಎಂದು ಅವನ ಸೊಸೆ ನೆರೆಯವರ ಹತ್ತಿರ ಮರುಗುತ್ತಾಳೆ. ಅವನು ಬೇರೆ ಮೂಲೆಗೆ ಹೋಗುವುದನ್ನೇ ಕಾದು, ಅವನ ಮನಸ್ಸು ನೋಯಬಾರದೆಂದು ಸದ್ದಿಲ್ಲದೆ ಬಂದು, ಉಳಿದ ಆ ಎರಡು ಬುಡಗಳನ್ನೂ ಚೊಕ್ಕವಾಗಿ ಕೊಯ್ದುಹಾಕುತ್ತಾಳೆ.